ನಮ್ಮವರಿಗೆ ಎರಡು ಮುದ್ರೆ

ಎಸ್ತೇರಮ್ಮನಿಗೆ ಎರಡು ಹೆಸರಿದ್ದವು, ಎರಡಕ್ಕೂ ಅವಳು ಓಗೊಡುತ್ತಿದ್ದಳು. ಕ್ರೈಸ್ತ ಸಭೆಯವರು ಎಸ್ತೇರಮ್ಮ ಎನ್ನುತ್ತಿದ್ದರು. ರೇಷನ್ ಅಂಗಡಿ, ಶಾಲೆ, ಓಟಿನ ಪಟ್ಟಿ ಇವೆಲ್ಲ ಉಡಚಮ್ಮ ಎನ್ನುತ್ತಿದ್ದವು. ಕೆರೆಬಿಳಚಿಯಿಂದ ಸಾಸ್ವೆಹಳ್ಳಿ ಕಡೆಗೆ ಹೋಗುವಾಗ ನಾಲೆಯ ಮಗ್ಗುಲಿಗೆ ಸಿಗುವ ಬೇವಿನಹಾಳು ಅವಳ ಊರು. ಅಲ್ಲಿನ ಕೇರಿಯಲ್ಲಿ ಹತ್ತು ಹನ್ನೆರಡು ಮನೆಯವರು ಕ್ರಿಸ್ತನ ದಾರಿ ಹಿಡಿದಿದ್ದರು. ಆದರೆ ಸರ್ಕಾರದ ಕಾಗದದಲ್ಲಿ ಯಾರೂ ಹೆಸರು ಬದಲಿಸಿರಲಿಲ್ಲ. ಬದಲಿಸಿದರೆ ಮಕ್ಕಳ ಸ್ಕಾಲರ್‌ಶಿಪ್ಪೂ ಹೋಗುತ್ತದೆ, ಹಾಸ್ಟೆಲ್ಲೂ ಹೋಗುತ್ತದೆ. ದೇವರು ಒಳಗಿನದನ್ನು ನೋಡುತ್ತಾನೆ, ಸರ್ಕಾರ ಕಾಗದ ನೋಡುತ್ತದೆ; ಬಡವರು ಇಬ್ಬರನ್ನೂ ಸಂಭಾಳಿಸಿಕೊಂಡು ಹೋಗಬೇಕು. ಇದರಲ್ಲಿ ಹುಬ್ಬೇರಿಸುವಂಥದ್ದು ಏನೂ ಇಲ್ಲ.

ಎಸ್ತೇರಮ್ಮನ ಗಂಡ ಚಿಕ್ಕಹನುಮಂತಪ್ಪನಿಗಂತೂ ಇದು ತಲೆಬಿಸಿಯ ವಿಷಯವೇ ಆಗಿರಲಿಲ್ಲ. ದೀಕ್ಷಾಸ್ನಾನದ ದಿನ ಅವನಿಗೆ ಯೋಹಾನಪ್ಪ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ಅವನು ಹಿಂದೆ ಯಾರೋ ಬರುತ್ತಿದ್ದಾರೆಂದು ತಿರುಗಿ ನೋಡುತ್ತಿದ್ದ. ನಾಲೆಯ ತೂಬಿನ ಹತ್ತಿರ ಹೊಲಗಳಿಗೆ ನೀರು ಬಿಡುವ ಕೆಲಸ ಅವನದು. ದಿನವೆಲ್ಲ ನೀರಿನ ಸದ್ದು ಕೇಳಿ ಕೇಳಿ ಮಾತೇ ಬೇಡವಾಗಿತ್ತೋ ಏನೋ, ಮನೆಯಲ್ಲಿ ಮಾತಾಡುವ ಕೆಲಸವನ್ನೆಲ್ಲ ಹೆಂಡತಿಗೆ ಒಪ್ಪಿಸಿಬಿಟ್ಟಿದ್ದ. ಅವಳು ಅದನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ನಾಟಿ ಮಾಡುವಾಗ ಗದ್ದೆಯ ಈ ಬದುವಿನಿಂದ ಆ ಬದುವಿನ ತನಕ ಅವಳದೇ ದನಿ. ಅಕ್ಷರ ಬಾರದಿದ್ದರೂ ಸಭೆಯ ಕೀರ್ತನೆಗಳು ಬಾಯಿಗೆ ಬರುತ್ತಿದ್ದವು. ಗುರುವಾರ ಸಂಜೆ ಕೇರಿಯ ಕ್ರೈಸ್ತ ಹೆಂಗಸರು ಅವಳ ಮನೆಯ ಜಗಲಿಯಲ್ಲೇ ಪ್ರಾರ್ಥನೆಗೆ ಸೇರುತ್ತಿದ್ದರು, ಅವಳು ಹೇಳಿಕೊಟ್ಟಂತೆ ಹೇಳುತ್ತಿದ್ದರು.

ಹಾಗಿದ್ದರೂ ಎರಡು ಹೆಸರಿನ ವಿಷಯ ಅವಳ ಮನಸ್ಸಿಗೆ ಚುಚ್ಚುತ್ತಿತ್ತು. ಅದು ಹೆಚ್ಚಾಗಿ ಚುಚ್ಚಿದ್ದು ಎಪ್ಪತ್ತೇಳರ ಚುನಾವಣೆಯಲ್ಲಿ.

ತುರ್ತು ಪರಿಸ್ಥಿತಿ ಆಗಷ್ಟೇ ಸಡಿಲವಾಗಿತ್ತು. ಜನಕ್ಕೆ ಬಾಯಿ ಬಿಡಲು ಇನ್ನೂ ಅಂಜಿಕೆ. ಕೇರಿಯವರು ಓಟಿನ ಸಹವಾಸವೇ ಬೇಡವೆಂದು ಕುಳಿತಿದ್ದರು. ಆಗ ಚನ್ನಗಿರಿಯಿಂದ ಸೈಕಲ್ ತುಳಿದುಕೊಂಡು ಬಂದ ದೇವಮಿತ್ರ ಅಯ್ಯನವರು, ಅಂದರೆ ಈ ಸುತ್ತಿನ ಸಭೆಗಳಿಗೆಲ್ಲ ಉಪದೇಶ ಮಾಡುತ್ತಿದ್ದ ಪಾದ್ರಿಗಳು, ಭಾನುವಾರದ ಆರಾಧನೆಯಲ್ಲಿ ಆ ಮಾತನ್ನೇ ಎತ್ತಿಕೊಂಡರು. ಸಣ್ಣ ಆಳು, ಗಂಟಲು ಮಾತ್ರ ದೊಡ್ಡದು.

"ಪ್ರತಿ ವಾರ ಆಳುವವರಿಗಾಗಿ ಪ್ರಾರ್ಥನೆ ಮಾಡ್ತೀವಿ, ಹೌದೋ ಅಲ್ಲವೋ? ಆ ಆಳುವವರನ್ನ ಆರಿಸೋ ದಿನ ಮಾತ್ರ ಬಾಗಿಲು ಹಾಕ್ಕೊಂಡು ಮಲಗಿದರೆ ದೇವರು ನಮ್ಮ ಪ್ರಾರ್ಥನೇನ ಯಾಕೆ ಕೇಳಬೇಕು? ಓಟು ಹಾಕೋದು ವಿಶ್ವಾಸಿಯ ಕರ್ತವ್ಯ. ಓಟು ಅಂದರೆ ಮತ್ತೇನಲ್ಲ, ಕೈಯಿಂದ ಮಾಡೋ ಪ್ರಾರ್ಥನೆ."

ಕೈಯಿಂದ ಮಾಡುವ ಪ್ರಾರ್ಥನೆ. ಈ ಮಾತು ಎಸ್ತೇರಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಅಯ್ಯನವರು ಎಷ್ಟೋ ಮಾತು ಹೇಳಿ ಹೋಗುತ್ತಿದ್ದರು, ಸೈಕಲ್ ಹತ್ತುವಷ್ಟರಲ್ಲಿ ಅವರಿಗೇ ಮರೆತಿರುತ್ತಿತ್ತು. ಆದರೆ ಕೇಳಿದವರಲ್ಲಿ ಒಬ್ಬಳಾದರೂ ಪ್ರತಿ ಮಾತನ್ನೂ ಮನೆಗೆ ಒಯ್ದು ಜೋಪಾನ ಮಾಡುತ್ತಿದ್ದಳು ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ಎಸ್ತೇರಮ್ಮ ಓಟಿಗೆ ಹೋದದ್ದು ಅದೇ ಮೊದಲು. ಓಟಿನ ದಿನ ಶಾಲೆಯ ಕೋಣೆಯಲ್ಲಿ ಗುಮಾಸ್ತ ಪಟ್ಟಿ ನೋಡಿ, "ಉಡಚಮ್ಮ, ಗಂಡ ಚಿಕ್ಕಹನುಮಂತಪ್ಪ" ಎಂದು ಕೂಗಿದ. ಅವಳು "ಹೂಂ" ಎಂದಳು. ಅಂದ ಕೂಡಲೇ ಅವಳಿಗೆ ಕಸಿವಿಸಿಯಾಯಿತು. ಪ್ರಾರ್ಥನೆಗೆಂದು ಬಂದು ಬಾಗಿಲಲ್ಲೇ ಕರ್ತನ ಹೆಸರು ಮುಚ್ಚಿಟ್ಟ ಹಾಗಾಯಿತಲ್ಲ ಎನ್ನಿಸಿತು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಚೀಟಿ ಹಿಡಿದು, ಗೋಣಿತಾಟಿನ ಮರೆಗೆ ಹೋದಳು. ಅಲ್ಲಿ ಮೇಜಿನ ಮೇಲೆ ಮಸಿ ಮೆತ್ತಿದ ಪುಟ್ಟ ಮುದ್ರೆಯೊಂದಿತ್ತು. ತಿರುಗಿಸಿ ನೋಡಿದಳು. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ಗೆರೆಯ ತುದಿಗಳು ಬಾಣದ ಹಾಗೆ ಸೊಟ್ಟಗಿದ್ದದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಅವಳಿಗೆ ಕಂಡದ್ದು ಶಿಲುಬೆ.

ಸರ್ಕಾರವೇ ಶಿಲುಬೆಯನ್ನು ಕೈಗೆ ಕೊಟ್ಟು, ಒತ್ತು ಎನ್ನುತ್ತಿದೆ. ಅವಳ ಕಣ್ಣಲ್ಲಿ ನೀರು ಬಂತು. ಹೊರಗೆ ಹೆಸರಿನಲ್ಲಿ ಮುಚ್ಚಿಟ್ಟದ್ದನ್ನು ಒಳಗೆ ಕೈಯಿಂದ ಹೇಳಬಹುದಲ್ಲ. ಚೀಟಿಯಲ್ಲಿ ಮೇಲಿಂದ ಕೆಳಗೆ ಚಿತ್ರಗಳಿದ್ದವು. ಯಾವುದಕ್ಕೆ ಒತ್ತಬೇಕೆಂದು ಅವಳು ಮನೆಯಲ್ಲೇ ಯೋಚಿಸಿ ಬಂದಿದ್ದಳು. ಆದರೆ ಉಳಿದವರು? ಅವರೂ ಆಳುವುದಕ್ಕೇ ನಿಂತವರು. ವಿರೋಧಿಗಳಿಗೂ ಒಳ್ಳೆಯದನ್ನೇ ಬೇಡಬೇಕೆಂದು ಅಯ್ಯನವರು ಎಷ್ಟು ಸಲ ಹೇಳಿಲ್ಲ. ಒಬ್ಬನಿಗೆ ಶಿಲುಬೆ ಇಟ್ಟು ಉಳಿದವರನ್ನು ಬರಿಗೈಯಲ್ಲಿ ಕಳಿಸುವುದು ಯಾವ ಪ್ರಾರ್ಥನೆ? ಅವಳು ಪ್ರತಿ ಚಿತ್ರದ ಮೇಲೂ ಒಂದೊಂದು ಮುದ್ರೆ ಒತ್ತಿ, ಒಬ್ಬೊಬ್ಬರಿಗೂ ಬುದ್ಧಿ ಕೊಡಪ್ಪಾ ಎಂದು ಬೇಡಿಕೊಂಡಳು. ಆಮೇಲೆ ತಾನು ಆರಿಸಿದವರ ಚಿತ್ರದ ಮೇಲೆ ಇನ್ನೊಂದನ್ನು ಒತ್ತಿದಳು. ಎಣಿಸುವವರಿಗೆ ತಿಳಿಯಬೇಕಲ್ಲ. ಎಲ್ಲರಿಗೆ ಒಂದು, ನಮ್ಮವರಿಗೆ ಎರಡು.

ಅಂದಿನಿಂದ ಅದೇ ಅವಳ ಪದ್ಧತಿಯಾಯಿತು. ಆ ಮೇಲೆ ಎಷ್ಟೋ ಚುನಾವಣೆ ಬಂದವು, ಹೋದವು. ಪಕ್ಷದವರು ಜೀಪಿನಲ್ಲಿ ಬಂದು "ಈ ಗುರ್ತಿಗೆ ಒತ್ತವ್ವ" ಎಂದು ಚಿತ್ರ ತೋರಿಸಿ ಹೋಗುತ್ತಿದ್ದರು. ಬೇರೆ ಗುರುತಿಗೆ ಒತ್ತಬೇಡ ಎಂದು ಒಬ್ಬನೂ ಹೇಳಲಿಲ್ಲ. ಅದನ್ನು ಹೇಳಬೇಕಾದೀತೆಂದು ಯಾರಿಗೆ ತಾನೆ ಹೊಳೆಯುತ್ತದೆ? ಗಂಡನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಓಟು ಗುಟ್ಟಿನದು, ಯಾರಿಗೂ ಹೇಳಬಾರದು ಎಂದು ಅಯ್ಯನವರೇ ಹೇಳಿದ್ದರು. ಆ ಗುಟ್ಟಿನೊಳಗೆ ಅವಳ ತಪ್ಪು ಹಾಯಾಗಿ ಬೆಳೆಯಿತು.

ಶಾಲೆಯ ಗೋಡೆಯ ಮೇಲೆ ಓಟು ಹಾಕುವ ಕ್ರಮವನ್ನು ದಪ್ಪ ಅಕ್ಷರದಲ್ಲಿ ಅಂಟಿಸಿರುತ್ತಿದ್ದರು. ಅದನ್ನು ಓದಿ ಹೇಳಬಹುದಾಗಿದ್ದವಳು ಮನೆಯಲ್ಲೇ ಇದ್ದಳು, ಅವಳ ಮಗಳು ಕರುಣ. ಎಷ್ಟೋ ದೇವಸ್ಥಾನಗಳಿಗೆ ಹರಕೆ ಹೊತ್ತು, ಕೊನೆಗೆ ಅಯ್ಯನವರ ಪ್ರಾರ್ಥನೆಯಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ದಾರಿಯಲ್ಲಿ ಸಿಕ್ಕ ಕಾಗದದ ಚೂರನ್ನೂ ಬಿಡದೆ ಓದುತ್ತಿತ್ತು ಆ ಮಗು. ಬೆಲ್ಲ ಕಟ್ಟಿ ತಂದ ಪೇಪರನ್ನು ಬೆಲ್ಲಕ್ಕಿಂತ ಮುಂಚೆ ಅದೇ ಕಸಿದುಕೊಳ್ಳುತ್ತಿತ್ತು. ಅಮ್ಮನಿಗೆ ಅಕ್ಷರ ಕಲಿಸುತ್ತೇನೆಂದು ಹಟ ಹಿಡಿದು ಬಚ್ಚಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸುತ್ತಿತ್ತು. ಎಂಬತ್ತರ ಮಳೆಗಾಲದಲ್ಲಿ ಜ್ವರ ಬಂತು. ಮೊದಲು ಹಳ್ಳಿಯ ಔಷಧಿ, ಆಮೇಲೆ ಚನ್ನಗಿರಿಯ ಡಾಕ್ಟರು. ದಾವಣಗೆರೆಗೆ ಒಯ್ಯಿರಿ ಎಂದು ಅವರು ಹೇಳಿ, ಬಸ್ಸು ಸಂತೇಬೆನ್ನೂರು ದಾಟುವಷ್ಟರಲ್ಲಿ ಮಗು ಅಮ್ಮನ ತೊಡೆಯ ಮೇಲೆ ತಣ್ಣಗಾಯಿತು. ಒಂಬತ್ತು ವರ್ಷ. ಬಸ್ಸಿನಿಂದ ಇಳಿಸಿಬಿಡುತ್ತಾರೆಂದು ಹೆದರಿ, ಎಸ್ತೇರಮ್ಮ ಮುಂದಿನ ಊರು ಬರುವ ತನಕ ಅಳಲಿಲ್ಲ.

ಹೆಣ ಊರಿಗೆ ಬಂದ ಮೇಲೆ ಇನ್ನೊಂದು ಸಂಕಟ. ಕೇರಿಯವರ ಮಣ್ಣು ಮಾಡುವ ಜಾಗ ಅಂತರಘಟ್ಟಮ್ಮನ ಗುಡಿಯ ಹಿಂದಿತ್ತು. ಅಮ್ಮನನ್ನು ಬಿಟ್ಟು ಹೋದವರನ್ನು ಅಲ್ಲಿ ಇಡಬಾರದು ಎಂದು ಹಿರಿಯರು ಅಡ್ಡ ನಿಂತರು. ನೆಂಟರೇ ಅವರೆಲ್ಲ. ಅಳುತ್ತಲೇ ಅಡ್ಡ ನಿಂತರು. ಚಿಕ್ಕಹನುಮಂತಪ್ಪ ಗುದ್ದಲಿ ಹೆಗಲಿಗೇರಿಸಿಕೊಂಡು ತಾನು ದಿನವೂ ಕೂರುವ ತೂಬಿನ ಪಕ್ಕದ ಗೋಮಾಳಕ್ಕೆ ನಡೆದ. ಅಲ್ಲೊಂದು ಹೊಂಗೆ ಮರ. ಅದರ ಬುಡದಲ್ಲಿ ತಾನೇ ಅಗೆದ. ಮುಂದೆ ಸಭೆಯಲ್ಲಿ ತೀರಿಕೊಂಡ ಮೂರ್ನಾಲ್ಕು ಜನರನ್ನೂ ಅಲ್ಲೇ ಮಣ್ಣು ಮಾಡಿದರು. ಸರ್ಕಾರದ ಲೆಕ್ಕದಲ್ಲಿ ಅದು ದನ ಮೇಯುವ ಜಾಗ. ಎಸ್ತೇರಮ್ಮನ ಲೆಕ್ಕದಲ್ಲಿ ಅವಳಿಗೆ ಭೂಮಿಯ ಮೇಲಿದ್ದ ಆಸ್ತಿಯೆಂದರೆ ಅದೊಂದೇ. ಕೆಲಸದಿಂದ ಬರುವಾಗ ಅಲ್ಲಿ ಕುಳಿತು, ಅವತ್ತಿನ ಸುದ್ದಿಯನ್ನೆಲ್ಲ ಮಗಳಿಗೆ ಹೇಳಿಯೇ ಮನೆಗೆ ಹೋಗುತ್ತಿದ್ದಳು.

ಎಂಬತ್ತಾರರ ಕೊನೆಗೆ ಮಂಡಲ ಪಂಚಾಯ್ತಿ ಚುನಾವಣೆ ಬಂತು. ಅಷ್ಟರಲ್ಲಿ ಆ ಕಡೆ ಗೋವಿನಜೋಳ ಬೆಳೆಯುವವರು ಹೆಚ್ಚಾಗಿದ್ದರು, ಕಾಳು ಒಣಗಿಸಲು ಕಣ ಸಾಲದಾಗಿತ್ತು. ಊರಿನ ದೊಡ್ಡ ಕುಳ ಪಂಚಾಕ್ಷರಪ್ಪನವರು, ಗೋಮಾಳದಲ್ಲಿ ಹೊಂಗೆ ಮರದ ಜಾಗವನ್ನೇ ಮಟ್ಟ ಮಾಡಿ ಸಿಮೆಂಟು ಕಣ ಹಾಕಿಸೋಣ, ರಸ್ತೆಗೆ ಹತ್ತಿರ, ಬಿಸಿಲು ಚೆನ್ನಾಗಿದೆ ಎಂದರು. ಕೆಟ್ಟ ಮನುಷ್ಯರೇನಲ್ಲ ಅವರು. ಅಲ್ಲಿ ಗೋರಿಗಳಿವೆಯಲ್ಲ ಎಂದು ಯಾರೋ ಅಂದಾಗ, "ಪಾಪ, ಬೇಕಾದ್ರೆ ಎತ್ತಿಕೊಂಡು ಬ್ಯಾರೆ ಕಡೆ ಇಟ್ಕಳ್ಳಿ ಬಿಡ್ರಿ" ಎಂದರಂತೆ. ಸೋಫಾ ಸರಿಸುವ ಹಾಗೆ ಹೇಳಿದರು. ಅವರಿಗೆ ತಿಳಿದದ್ದೇ ಅಷ್ಟು.

ಸೀಟು ಹೆಂಗಸರಿಗೆ ಬಂದಿತ್ತು. ಪಂಚಾಕ್ಷರಪ್ಪನವರ ಹೆಂಡತಿ ಪ್ರೇಮಮ್ಮ ಛತ್ರಿ ಗುರುತಿಗೆ ನಿಂತರು. ಕೇರಿಯಿಂದ ಕಸ್ತೂರಮ್ಮ ಏಣಿ ಗುರುತಿಗೆ ನಿಂತಳು. ಬೇರೆ ಇಬ್ಬರು ಸುಮ್ಮನೆ ನಿಂತರು. ಕಸ್ತೂರಮ್ಮ ಸಭೆಯವಳಲ್ಲ, ಅಂತರಘಟ್ಟಮ್ಮನ ಒಕ್ಕಲು. ಎಸ್ತೇರಮ್ಮನಿಗೆ ತಂಗಿಯ ವರಸೆ. ಕರುಣ ಸತ್ತಾಗ ಹಿರಿಯರ ಎದುರು ನಿಂತು, ಮಗೀಗೆ ಯಾವ ಜಾತಿ ಎಂದು ಕೇಳಿದವಳು ಅವಳೊಬ್ಬಳೇ. ಬಾಗಿಲಿಗೆ ಬಂದು ಎಸ್ತೇರಮ್ಮನ ಕೈ ಹಿಡಿದುಕೊಂಡಳು.

"ಅಕ್ಕ, ನಾನು ಗೆದ್ರೆ ಆ ಜಾಗ ನಿಮ್ಮೋರ ಹೆಸರಿಗೆ ಬರೆಸೋದೇ ಮೊದಲ್ನೇ ಕೆಲಸ. ಹುಡುಗಿ ಅಲ್ಲೇ ಮಲಗಿರ್ಲಿ. ನಿಮ್ಮ ಸಭೆ ಓಟು ಒಂದೂ ಚೆದುರಬಾರ್ದು, ಅಷ್ಟು ನೋಡ್ಕ."

"ಒಂದೂ ಚೆದುರಾಕಿಲ್ಲ ಕಣವ್ವ" ಎಂದಳು ಎಸ್ತೇರಮ್ಮ.

ಅಲ್ಲಿಯ ತನಕ ಅವಳ ಪದ್ಧತಿ ಅವಳೊಬ್ಬಳದಾಗಿತ್ತು. ಉಳಿದ ಹೆಂಗಸರಲ್ಲಿ ಎಷ್ಟೋ ಮಂದಿ ಓಟಿಗೇ ಹೋಗುತ್ತಿರಲಿಲ್ಲ. ಈ ಸಲ ಎಲ್ಲರನ್ನೂ ಕರೆದೊಯ್ಯಬೇಕಿತ್ತು. ಚುನಾವಣೆಗೆ ಮುಂಚಿನ ಗುರುವಾರ, ಕೀರ್ತನೆ ಮುಗಿದ ಮೇಲೆ ಅವಳು ಹೆಂಗಸರನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿ ತನ್ನ ಗುಟ್ಟನ್ನು ಬಿಚ್ಚಿದಳು.

"ಓಟು ಅಂದ್ರೆ ಪ್ರಾರ್ಥನೆ ಅಂತ ಅಯ್ಯನೋರು ಹೇಳಿಲ್ವಾ? ಒಳಗೆ ಶಿಲುಬೆ ಇಟ್ಟಿರ್ತಾರೆ. ಎಲ್ಲಾರಿಗೂ ಒಂದೊಂದು ಒತ್ರಿ, ಯಾರ ಮ್ಯಾಲೂ ಹಗೆ ಇಟ್ಕಬಾರ್ದು. ಪ್ರೇಮಮ್ಮೋರಿಗೂ ಒಂದು ಒತ್ರಿ, ಅವರಿಗೂ ದೇವ್ರು ಒಳ್ಳೇದು ಮಾಡ್ಲಿ. ಏಣಿಗೆ ಮಾತ್ರ ಎರಡು. ನಮ್ಮ ಕರುಣನ್ನ ನೆನಸ್ಕಂಡು ಗಟ್ಟಿಯಾಗಿ ಒತ್ರಿ."

ಹೆಂಗಸರು ತಲೆಯಾಡಿಸಿದರು. ಅಂಜಿನಮ್ಮ ಎಂಬ ಮುದುಕಿಗೆ ಕೈ ನಡುಕ. ತಪ್ಪಾಗಬಾರದೆಂದು ಅಲ್ಲೇ ನೆಲದ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಅಭ್ಯಾಸ ಮಾಡಿದಳು. ಎಷ್ಟು ಶ್ರದ್ಧೆಯಿಂದ ಕಲಿತರು ಆ ಹೆಂಗಸರು.

ಜನವರಿಯಲ್ಲಿ ಓಟಾಯಿತು. ಸಭೆಯ ಹೆಂಗಸರು ತೊಳೆದ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಆರಾಧನೆಗೆ ಹೋಗುವಂತೆ ಸಾಲಾಗಿ ಹೋಗಿ ಬಂದರು. ಎಸ್ತೇರಮ್ಮ ನೇರ ಹೊಂಗೆ ಮರಕ್ಕೆ ನಡೆದು ಶಾಯಿ ಹಚ್ಚಿದ ಬೆರಳನ್ನು ಮಗಳ ಕಲ್ಲಿನ ಮೇಲಿಟ್ಟು, "ನಿನ್ನ ಜಾಗ ಗಟ್ಟಿಯಾತು ಕಣೇ" ಎಂದಳು.

ಎಣಿಕೆ ಚನ್ನಗಿರಿಯಲ್ಲಿ. ಕಸ್ತೂರಮ್ಮನ ಪರವಾಗಿ ಎಣಿಕೆಗೆ ಕೂರಲು ಓಂಕಾರಪ್ಪ ಹೋಗಿದ್ದ. ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ತನಕ ಓದಿದ್ದವನು, ಸ್ವಲ್ಪ ಮೂಗಿನ ತುದಿಯಲ್ಲೇ ಕೋಪ. ಸಂಜೆಯ ಬಸ್ಸಿಳಿದು ಬಂದವನು ಯಾರಿಗೂ ಮುಖ ಕೊಡದೆ ಕಸ್ತೂರಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತ. ಆರು ಓಟಿನಲ್ಲಿ ಸೋತಿದ್ದರು.

ಕೇರಿಗೆ ಕೇರಿಯೇ ಅಲ್ಲಿ ಸೇರಿತು. ಸೋತ ಮನೆಯಲ್ಲಿ ಮೊದಲು ಹುಡುಕುವುದು ಕೈ ಕೊಟ್ಟವರನ್ನು. ಏಸಪ್ಪನ ಕಡೆಯವರೇ, ಅಂದರೆ ಸಭೆಯವರೇ, ಕೈ ಕೊಟ್ಟಿದ್ದಾರೆ, ಪಂಚಾಕ್ಷರಪ್ಪನವರ ಹೊಲದ ಕೂಲಿಯವರಲ್ಲವೇ ಎಂದು ಯಾರೋ ಗೊಣಗಿದರು. ಅದು ಎಸ್ತೇರಮ್ಮನ ಕಿವಿಗೆ ಬಿತ್ತು. ಮಗಳ ಜಾಗ ಹೋಯಿತೆಂಬ ಸಂಕಟದಲ್ಲೂ ಅವಳು ಮುಂದೆ ಬಂದಳು.

"ಯಾರಪ್ಪ ಅಂದೋರು? ನನ್ನ ಮಗಳು ಮಲಗಿರೋ ಜಾಗ ಅದು. ನಾನು ಕೈ ಕೊಡ್ತೀನಾ? ಕಸ್ತೂರಿ, ನಮ್ಮ ಸಭೆ ಹೆಂಗಸ್ರು ಒಬ್ರೂ ತಪ್ಪಿಲ್ಲ. ಎಲ್ಲಾರೂ ನಿನಗೇ ಎರಡೆರಡು ಒತ್ತೀವಿ."

ಕಸ್ತೂರಮ್ಮ ತಲೆಯೆತ್ತಿದಳು. "ಎರಡೆರಡು ಅಂದ್ರೆ ಏನಕ್ಕ?"

"ಎರಡೆರಡು ಕಣವ್ವ. ಉಳಿದೋರಿಗೆ ಒಂದೊಂದು, ನಿನಗೆ ಎರಡು." ನಂಬುತ್ತಾರೋ ಇಲ್ಲವೋ ಎಂದು ಅವಳು ಕುಕ್ಕರಗಾಲಿನಲ್ಲಿ ಕುಳಿತು ಅಂಗಳದ ಒಲೆಯ ಬೂದಿಯಲ್ಲಿ ಬೆರಳದ್ದಿ ಕಟ್ಟೆಯ ಕಲ್ಲಿನ ಮೇಲೆ ಒತ್ತಿ ತೋರಿಸಿದಳು. ಒಂದು, ಒಂದು, ಒಂದು, ಎರಡು. "ಹಿಂಗೆ. ನಾನೇ ಹೇಳಿಕೊಟ್ಟಿದ್ದು. ಬೇಕಾದ್ರೆ ಅಂಜಿನಮ್ಮನ್ನ ಕೇಳ್ರಿ."

ಯಾರೂ ಅಂಜಿನಮ್ಮನನ್ನು ಕೇಳಲಿಲ್ಲ. ಓಂಕಾರಪ್ಪ ಆ ಬೂದಿಯ ಗುರುತುಗಳನ್ನೇ ನೋಡುತ್ತಿದ್ದ. ಮಧ್ಯಾಹ್ನ ಎಣಿಕೆಯ ಮೇಜಿನ ಮೇಲೆ ಅಧಿಕಾರಿಗಳು ಪಕ್ಕಕ್ಕೆ ಎಸೆದ ಚೀಟಿಗಳನ್ನು ಅವನು ಕಂಡಿದ್ದ. ಯಾವ ತಲೆಕೆಟ್ಟವರು ಹೀಗೆ ಮಾಡಿದ್ದಾರೆಂದು ಉಳಿದ ಏಜೆಂಟರ ಜೊತೆ ಸೇರಿ ನಕ್ಕೂ ಇದ್ದ.

"ಹನ್ನೊಂದು ಚೀಟಿ" ಎಂದ ಅವನು ಮೆಲ್ಲಗೆ. ಕೋಪದ ಮನುಷ್ಯನಿಗೆ ಆಗ ಕೋಪವೂ ಬರಲಿಲ್ಲ. "ಎಸ್ತೇರಕ್ಕ, ಒಂದಕ್ಕಿಂತ ಜಾಸ್ತಿ ಗುರ್ತಿಗೆ ಒತ್ತಿದ್ರೆ ಆ ಚೀಟಿ ನಡೆಯಾಕಿಲ್ಲ. ಕುಲಗೆಟ್ಟು ಹೋಗ್ತೈತೆ. ಅಂಥವು ಹನ್ನೊಂದು ಇದ್ವು."

ಸಭೆಯ ಹೆಂಗಸರು ಎಷ್ಟು ಜನವೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಎಸ್ತೇರಮ್ಮ ಕೂತಲ್ಲೇ ಕೂತಿದ್ದಳು. ಬೂದಿ ಹತ್ತಿದ ಬೆರಳು ಎತ್ತಿದಂತೆಯೇ ಇತ್ತು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು, ಅಷ್ಟರ ಮಟ್ಟಿಗೆ ಎದೆ ಹಗುರಾಗುತ್ತಿತ್ತು. ಕಸ್ತೂರಮ್ಮ ಬೈಯಲಿಲ್ಲ. ತನ್ನ ಸೆರಗಿನಿಂದ ಆ ಬೂದಿಯ ಗುರುತನ್ನು ಒರೆಸಿಹಾಕಿದಳು, ಅಕ್ಕನ ಬೆರಳನ್ನೂ ಒರೆಸಿದಳು. ಆಮೇಲೆ ಇಬ್ಬರೂ ಅತ್ತರು.

ಮುಂದಿನ ಭಾನುವಾರ ಅಯ್ಯನವರು ಬಂದರು. ಸುದ್ದಿ ದಾರಿಯಲ್ಲೇ ಸಿಕ್ಕಿತ್ತು. ವಯಸ್ಸಾಗಿತ್ತು ಅವರಿಗೆ, ಸೈಕಲ್ ಬಿಟ್ಟು ಬಸ್ಸು ಹಿಡಿಯುತ್ತಿದ್ದರು. ಆರಾಧನೆಗೆ ಮುಂಚೆ ನೇರ ಎಸ್ತೇರಮ್ಮನ ಮನೆಗೆ ಬಂದು ಚಾಪೆಯ ಮೇಲೆ ಕುಳಿತರು. ಅವಳು ತಂಬಿಗೆಯಲ್ಲಿ ನೀರು ಕೊಟ್ಟು ಎದುರಿಗೆ ನಿಂತಳು.

"ಸ್ತೋತ್ರ ಅಯ್ಯನೋರೆ. ಓಟು ಅಂದ್ರೆ ಪ್ರಾರ್ಥನೆ ಅಂದಿದ್ರಿ."

"ಅಂದಿದ್ದೆ ತಾಯಿ."

"ಪ್ರಾರ್ಥನೇಲಿ ಒಬ್ಬರನ್ನ ಸೇರಿಸಿ ಒಬ್ಬರನ್ನ ಬಿಡಾಕೆ ಬರ್ತೈತಾ?"

ಅಯ್ಯನವರು ತಂಬಿಗೆಯನ್ನೇ ನೋಡುತ್ತಿದ್ದರು.

"ಹಂಗಾರೆ ಇಷ್ಟು ವರ್ಷ ನಾನು ಹಾಕಿದ್ದೆಲ್ಲಾ ಎಲ್ಲಿಗೆ ಹೋತು ಅಯ್ಯನೋರೆ?" ಅವಳ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ.

"ಚೀಟಿ ಕಸಕ್ಕೆ ಹೋಯ್ತಮ್ಮ" ಎಂದರು ಅಯ್ಯನವರು. "ಪ್ರಾರ್ಥನೆ..." ನೀರು ಕುಡಿಯದೆ ತಂಬಿಗೆ ಕೆಳಗಿಟ್ಟರು. "ಮಾತಿನ ಭರದಲ್ಲಿ ಅಂದುಬಿಟ್ಟೆ. ಹೆಂಗೆ ಒತ್ತಬೇಕು ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ."

ಆ ದಿನದ ಆರಾಧನೆಯಲ್ಲಿ ಅವರ ಗಂಟಲು ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಆಮೇಲೆ ಅವರೂ ಓಂಕಾರಪ್ಪನೂ ಗೋರಿಗಳ ಜಾಗ ಉಳಿಸಿಕೊಡಿ ಎಂದು ತಾಲ್ಲೂಕು ಕಚೇರಿಗೆ ಹಲವು ಸಲ ಅಲೆದರು. ಗೋಮಾಳದಲ್ಲಿ ಹೂಳಿದ್ದೇ ತಪ್ಪು ಎಂದು ಉತ್ತರ ಬಂತು. ಮಂಡಲದ ಮೊದಲ ಸಭೆಯಲ್ಲೇ ಕಣಕ್ಕೆ ಮಂಜೂರಾತಿ ಸಿಕ್ಕಿತು. ಕೇರಿಯ ಪರವಾಗಿ ಬೇಡ ಎನ್ನಲು ಅಲ್ಲಿ ಯಾರೂ ಇರಲಿಲ್ಲ.

ಬೇಸಿಗೆಯಲ್ಲಿ ಹೊಂಗೆ ಮರ ಕಡಿದರು. ಎತ್ತಿಕೊಳ್ಳುವವರು ಎತ್ತಿಕೊಳ್ಳಿ ಎಂದು ಪಂಚಾಕ್ಷರಪ್ಪನವರು ಆಳಿನ ಕೈಲಿ ಹೇಳಿಕಳಿಸಿದರು. ಚಿಕ್ಕಹನುಮಂತಪ್ಪ ಬೆಳಗ್ಗೆ ಗುದ್ದಲಿ ಹಿಡಿದು ಹೋದ. ಎಸ್ತೇರಮ್ಮ ಬಿದಿರು ಬುಟ್ಟಿಗೆ ಮಗಳ ಲಂಗವೊಂದನ್ನು ಹಾಸಿಟ್ಟುಕೊಂಡು ಬಾಗಿಲಲ್ಲಿ ಕಾದಳು. ಬಿಸಿಲೇರುವ ಹೊತ್ತಿಗೆ ಅವನು ವಾಪಸು ಬಂದ. ಗುದ್ದಲಿಗೆ ಒಂದು ಚೂರು ಮಣ್ಣೂ ಹತ್ತಿರಲಿಲ್ಲ.

"ಮಲಗಿರೋ ಮಗೀನ ಹೆಂಗೆ ಎಬ್ಬಿಸ್ಲಿ?" ಎಂದ. ಆ ವಿಷಯದಲ್ಲಿ ಅವನಾಡಿದ್ದು ಅದೊಂದೇ ಮಾತು. ಬುಟ್ಟಿಯಲ್ಲಿದ್ದ ಲಂಗವನ್ನು ಅವಳು ಮಡಿಸಿ ಮತ್ತೆ ಟ್ರಂಕಿನಲ್ಲಿಟ್ಟಳು. ಟ್ರಾಕ್ಟರು ಬಂದ ದಿನ ಇಬ್ಬರೂ ಹೊನ್ನಾಳಿಯ ನೆಂಟರ ಮನೆಗೆ ಹೋಗಿಬಿಟ್ಟರು. ತಿರುಗಿ ಬರುವಾಗ ಸಿಮೆಂಟು ಒಣಗುತ್ತಿತ್ತು. ತೂಬಿನ ಕಲ್ಲಿನಿಂದ ಕರೆಂಟು ಕಂಬದ ಕಡೆಗೆ ನೇರಕ್ಕೆ ನೋಡಿಕೊಂಡು, ಇಲ್ಲೇ ಎಂದು ಅವಳು ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು.

ಇನ್ನು ಓಟಿನ ಮುಖ ನೋಡುವುದಿಲ್ಲ ಎಂದು ಸಭೆಯ ಹೆಂಗಸರೆಲ್ಲ ಅಂದುಕೊಂಡಿದ್ದರು. ಅಂಜಿನಮ್ಮ ಮುದುಕಿ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದಳು. ನಾನು ಒತ್ತಿದ್ದಕ್ಕೇ ಕೂಸಿನ ಜಾಗ ಹೋಯಿತು ಎಂದು ಬಂದವರಿಗೆಲ್ಲ ಹೇಳುತ್ತಲೇ ಕಣ್ಣು ಮುಚ್ಚಿದಳು. ಅವಳನ್ನು ಮಣ್ಣು ಮಾಡಲು ಜಾಗ ಹುಡುಕಿಕೊಂಡು ಚನ್ನಗಿರಿಯ ತನಕ ಗಾಡಿಯಲ್ಲಿ ಒಯ್ಯಬೇಕಾಯಿತು.

ಎಂಬತ್ತೊಂಬತ್ತರ ನವೆಂಬರಿನಲ್ಲಿ ಮತ್ತೆ ಚುನಾವಣೆ ಬಂತು. ಅದಕ್ಕೆ ಮುಂಚಿನ ಗುರುವಾರ ಪ್ರಾರ್ಥನೆ ಮುಗಿದ ಮೇಲೆ ಎಸ್ತೇರಮ್ಮ ಹೆಂಗಸರನ್ನು ಕೂರಿಸಿಕೊಂಡು, "ಒಂದೇ ಸಲ, ಒಂದೇ ಚಿತ್ರಕ್ಕೆ" ಎಂದು ಹೇಳಿಕೊಟ್ಟಳು. ಒಬ್ಬೊಬ್ಬರ ಕೈಯಲ್ಲೂ ಮಾಡಿಸಿ ನೋಡಿದಳು. ಹೋಗುವುದು ಬೇಡವೇ ಬೇಡ ಎಂದವರಿಗೆ, "ಹೋಗ್ದೆ ಇದ್ರೆ ಅವತ್ತು ಕಳಕಂಡಿದ್ದನ್ನ ದಿನಾ ಕಳಕಂಡಂಗೆ. ಕರ್ತವ್ಯ ಅಂತ ಅಯ್ಯನೋರು ಹೇಳಿದ್ದು ಸುಳ್ಳಲ್ಲ. ನಾನು ತಿಳ್ಕಂಡಿದ್ದು ತಪ್ಪು, ಅಷ್ಟೇ" ಎಂದಳು.

ಆ ಸಲ ಹದಿನೆಂಟು ತುಂಬಿದವರಿಗೂ ಓಟು ಕೊಟ್ಟಿದ್ದರು. ಕರುಣಳ ಜೊತೆ ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಹುಡುಗಿಯರು ಸೀರೆ ಉಟ್ಟು, ಮೊದಲ ಸಲವೆಂದು ನಗುತ್ತಾ ಸಾಲಿನಲ್ಲಿ ನಿಂತಿದ್ದರು. ಎಸ್ತೇರಮ್ಮ ಅವರ ಹಿಂದೆ ನಿಂತಳು. ಅವರ ಹೆಗಲಿನ ಎತ್ತರವನ್ನು ನೋಡುತ್ತಾ ಇಷ್ಟಿರುತ್ತಿದ್ದಳು ನನ್ನ ಮಗಳು, ಇಷ್ಟೇ ಇರುತ್ತಿದ್ದಳು ಎಂದು ಲೆಕ್ಕ ಹಾಕಿದಳು. ಗುಮಾಸ್ತ "ಉಡಚಮ್ಮ" ಎಂದ. "ಹೂಂ" ಎಂದಳು. ಮರೆಗೆ ಹೋಗಿ ಮುದ್ರೆ ಎತ್ತಿಕೊಂಡು ಒಂದು ಚಿತ್ರದ ಮೇಲೆ ಒತ್ತಿದಳು. ಉಳಿದವು ಖಾಲಿ ಉಳಿದವು. ಕೈ ಮತ್ತೆ ಮತ್ತೆ ಅವುಗಳ ಕಡೆಗೇ ಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಿಂತಳು. ಬಾಳಿನಲ್ಲಿ ಅವಳು ಹಾಕಿದ ಮೊದಲ ಸರಿಯಾದ ಓಟು ಅದು. ಪ್ರಾರ್ಥನೆ ಮಾಡಿದಂತೆ ಮಾತ್ರ ಅವಳಿಗೆ ಅನ್ನಿಸಲಿಲ್ಲ.

ಅಲ್ಲಿಂದ ನೇರ ಕೆಲಸಕ್ಕೆ ಹೋದಳು. ಸುಗ್ಗಿಯ ಕಾಲ, ಕಣದ ತುಂಬ ಗೋವಿನಜೋಳ ಹರವಿದ್ದರು. ಕಾಳು ಒಣಗಲು ಅದನ್ನು ಗಳಿಗೆಗೊಮ್ಮೆ ತಿರುವಿಹಾಕಬೇಕು. ಹೆಂಗಸರು ಸಾಲಾಗಿ ನಿಂತು ಪಾದ ಎಳೆಯುತ್ತಾ, ಕಾಲಿನಲ್ಲೇ ಕಾಳನ್ನು ಕೆದರಿಕೊಂಡು ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಮೊದಲ ವರ್ಷದಿಂದಲೂ ಆ ಕಣದ ಕೆಲಸಕ್ಕೆ ಎಸ್ತೇರಮ್ಮ ತಾನಾಗಿಯೇ ಕೇಳಿಕೊಂಡು ಬರುತ್ತಿದ್ದಳು. ಇವಳಿಗೆ ಎಂಥಾ ಕಲ್ಲುಮನಸ್ಸು ಎಂದು ಊರವರು ಆಡಿಕೊಂಡಿದ್ದೂ ಉಂಟು.

ಸಾಲು ಕರೆಂಟು ಕಂಬದ ನೇರಕ್ಕೆ ಬಂದಾಗ ಅವಳು ಯಾವಾಗಲೂ ಒಂದು ಹೆಜ್ಜೆ ಮುಂದಾಗುತ್ತಿದ್ದಳು. ಪಕ್ಕದವರಿಗೆ, "ಇಷ್ಟು ನಾನು ಮಾಡ್ಕಂತೀನಿ, ನೀವು ಮುಂದೆ ಹೋಗ್ರಿ" ಎನ್ನುತ್ತಿದ್ದಳು. ಅವರು ಸುತ್ತು ಹಾಕಿ ಮುಂದೆ ಹೋದ ಮೇಲೆ ಮಂಡಿಯೂರಿ ಕುಳಿತು, ಒಂದು ಚಾಪೆಯಷ್ಟು ಜಾಗದ ಕಾಳನ್ನು ಕೈಯಿಂದ ತಿರುವಿಹಾಕುತ್ತಿದ್ದಳು.

ಆ ದಿನ ಪ್ರೇಮಮ್ಮನವರು ಕಾಳು ನೋಡಲು ಬಂದು ನಿಂತಿದ್ದರು. "ಕಾಲಲ್ಲಿ ಕೆದರಿದ್ರೆ ಬೇಗ ಆಗ್ತೈತಲ್ಲ ಉಡಚಮ್ಮ, ಕೈ ಯಾಕೆ ಸುಟ್ಕಂತೀಯ?" ಎಂದರು. ಕೇಳಿದ್ದು ಕನಿಕರದಿಂದಲೇ. ಆ ಕಣ ಯಾರ ಮೇಲಿದೆ ಎಂಬುದು ಅವರಿಗೆ ಮರೆತೇ ಹೋಗಿತ್ತು.

"ಇರ್ಲಿ ಬಿಡ್ರವ್ವ" ಎಂದಳು ಎಸ್ತೇರಮ್ಮ. ಬಿಸಿಲಿಗೆ ಕಾಳೂ ಕೆಳಗಿನ ಸಿಮೆಂಟೂ ಸುಡುತ್ತಿದ್ದವು. ಅವಳು ಶಾಯಿಯ ಗುರುತಿದ್ದ ಕೈಯಿಂದ ಮೆಲ್ಲಗೆ, ಎಚ್ಚರವಾದೀತೆಂಬಂತೆ, ಆ ಜಾಗದ ಕಾಳನ್ನು ತಿರುವಿಹಾಕುತ್ತಾ ಕುಳಿತಳು.